ಗೆಟ್ ಕ್ರಿಯಾಪದದ ಕನ್ನಡ ಅರ್ಥಗಳು

ಹಾರೆಗದ್ದೆ, ಹೊಸನಗರ ತಾಲೂಕು
9-10-1966

ಪೂಜ್ಯ ಗುರುಗಳಾದ ಮುಕುಂದಯ್ಯನವರ ಪಾದಗಳಿಗೆ ಯಮುನಾ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ತಾವೂ ಶೇಷಮ್ಮನವರೂ ಕ್ಷೇಮವೆಂದು ನಂಬಿದ್ದೇನೆ.

ನನ್ನ ನೆನಪಿದೆಯೋ ಇಲ್ಲವೋ. ಹೊಸನಗರದ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳ ಬೆಂಚಿನ ತುದಿಗೆ ಕೂರುತ್ತಿದ್ದವಳು, ಹಾರೆಗದ್ದೆ ಮಾಸ್ತಪ್ಪನ ಮಗಳು. "ನಿನ್ನ ಅಕ್ಷರ ಮುತ್ತಿನ ಹಾಗಿದೆ, ಒಳಗಿನ ಇಂಗ್ಲಿಷ್ ಮಾತ್ರ ಹುಳುಕು" ಎಂದು ನೀವು ನನ್ನನ್ನು ಬೈದದ್ದುಂಟು. ಅದೇ ಹುಳುಕು ಈಗ ಹಲ್ಲು ನೋಯಿಸುತ್ತಿದೆ. ಈ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಉಳಿದದ್ದೆಲ್ಲ ಪಾಸು, ಇಂಗ್ಲಿಷ್ ಒಂದು ಫೇಲು.

ಮಾರ್ಚಿನಲ್ಲಿ ಮತ್ತೆ ಕಟ್ಟಬೇಕೆಂದಿದ್ದೇನೆ. ಪಾಸಾದರೆ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬಹುದು. ನಮ್ಮ ಕೇರಿಯಿಂದ ಇಷ್ಟು ದೂರ ಓದಿದ ಹೆಣ್ಣು ನಾನೊಬ್ಬಳೇ. ಪಾಸಾಗದೆ ಹೋದರೆ ಮುಂದೆ ಇನ್ಯಾರನ್ನೂ ಓದಿಸುವುದಿಲ್ಲ. ನನ್ನನ್ನೂ ಮನೆಯಲ್ಲಿ ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ತಾವು ಕಾಗದದ ಮೂಲಕ ಪಾಠ ಹೇಳಿಕೊಡುವಿರಾ?

ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅಣ್ಣ ಮಂಜುನಾಥಪ್ಪನದು. ನಾನು ಬರೆದ ಕಾಗದವನ್ನು ಪೇಟೆಗೆ ಒಯ್ದು ಅಂಚೆಗೆ ಹಾಕುವವನೂ ಅವನೇ, ಬಂದದ್ದನ್ನು ತರುವವನೂ ಅವನೇ. ಎರಡನ್ನೂ ಓದಿಯೇ ಕೊಡುತ್ತಾನೆ. "ಹೆಣ್ಮಕ್ಳ ಕಾಗ್ದ ಓದ್ದೇ ಹಾಕದು ಹ್ಯಾಂಗೆ?" ಅನ್ನುತ್ತಾನೆ. ಇಂಗ್ಲಿಷ್ ಬಂದ ಕಡೆ ಮಾತ್ರ "ಇದು ನಿಂದು, ನೀನೇ ಸುಧಾರ್ಸ್ಕ" ಎಂದು ಮಡಿಸಿಬಿಡುತ್ತಾನೆ. ಪಾಪ, ಅವನು ಏಳನೇ ಕ್ಲಾಸು.

ಇಂತಿ ತಮ್ಮ ಶಿಷ್ಯೆ
ಯಮುನಾ


ತೀರ್ಥಹಳ್ಳಿ
18-10-1966

ಚಿ. ಕು. ಯಮುನಾಳಿಗೆ ಮುಕುಂದಯ್ಯನ ಆಶೀರ್ವಾದಗಳು.

ನೆನಪಿಲ್ಲದೆ ಏನು? ನಿನ್ನ ಕಾಗದ ಬಂದದ್ದು ಕಂಡು ಶೇಷಮ್ಮನಿಗೆ ಹೇಳಿದೆ, "ನೋಡೆ, ಪಿಂಚಣಿ ಆದ ಮೇಲೂ ನನ್ನನ್ನು ಕೇಳುವವರಿದ್ದಾರೆ." ಅವಳು, "ನಂಗಂತೂ ಪಾಠ ಹೇಳೋದು ತಪ್ತಲ್ಲ, ಆ ಹುಡ್ಗಿಗೆ ಪುಣ್ಯ ಬರ್ಲಿ" ಎಂದಳು. ಮನೆಯಲ್ಲಿ ನನ್ನ ಮರ್ಯಾದೆ ಇಷ್ಟು.

ನೀನು ಫೇಲಾದದ್ದು ಯಾಕೆಂದು ನಾನು ಇಲ್ಲಿ ಕೂತೇ ಹೇಳಬಲ್ಲೆ. ಎಲ್ಲದಕ್ಕೂ 'ಗೆಟ್' ಹಾಕಿರುತ್ತೀಯೆ. ಆ ಕ್ರಿಯಾಪದ ಊರಿನ ದೇವರಿಗೆ ಬಿಟ್ಟ ಹೋರಿ ಇದ್ದ ಹಾಗೆ, ಯಾರ ಗದ್ದೆಗಾದರೂ ನುಗ್ಗುತ್ತದೆ, ಕೇಳುವವರಿಲ್ಲ. ಸಿಗುವುದಕ್ಕೂ ಗೆಟ್, ತರುವುದಕ್ಕೂ ಗೆಟ್. ಆಗುವುದು, ತಲುಪುವುದು, ತಿಳಿಯುವುದು, ತಪ್ಪಿಸಿಕೊಳ್ಳುವುದು, ಹಾಸಿಗೆಯಿಂದ ಏಳುವುದು, ಕಾಯಿಲೆ ಬೀಳುವುದು, ಕಡೆಗೆ ಮದುವೆಯಾಗುವುದಕ್ಕೂ ಅದೇ. ಬ್ರಿಟಿಷರು ಮಾತಿನಲ್ಲಿ ಏನಾದರೂ ಆಡಿಕೊಳ್ಳಲಿ. ಪರೀಕ್ಷೆಯಲ್ಲಿ ಆಯಾ ಅರ್ಥಕ್ಕೆ ಆಯಾ ಪದವೇ ಬೇಕು. ದೊರೆತರೆ ರಿಸೀವ್, ಪ್ರಯತ್ನಪಟ್ಟು ಪಡೆದರೆ ಅಬ್ಟೇನ್, ಆದರೆ ಬಿಕಮ್, ಹೋಗಿ ತಂದರೆ ಫೆಚ್, ಮುಟ್ಟಿದರೆ ರೀಚ್.

ನನ್ನ ಪದ್ಧತಿ ನಿನಗೆ ಗೊತ್ತು. ನೀನು ಗೆಟ್ ಹಾಕಿ ವಾಕ್ಯ ಬರೆದು ಕಳಿಸು. ಪ್ರತಿ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಸಮಾನಾರ್ಥ ಪದ, ಅದರ ಕೆಳಗೆ ಕನ್ನಡದಲ್ಲಿ ಅರ್ಥ. ಮೂವತ್ತು ವರ್ಷ ಹೀಗೆಯೇ ಕಲಿಸಿದ್ದೇನೆ, ಒಂದು ವಾಕ್ಯವನ್ನೂ ಅರ್ಥ ಬರೆಯದೆ ಬಿಟ್ಟವನಲ್ಲ.

ಪರೀಕ್ಷೆ ತೀರ್ಥಹಳ್ಳಿ ಕೇಂದ್ರದಲ್ಲೇ ಕಟ್ಟು. ನಮ್ಮ ಮನೆಯಲ್ಲಿ ಉಳಿದರಾಯಿತು.

ಮುಕುಂದಯ್ಯ


ಹಾರೆಗದ್ದೆ
13-11-1966

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಪರೀಕ್ಷೆಗೆ ಕಟ್ಟಿ ಆಯಿತು. ಅಣ್ಣನೇ ಹೊಸನಗರಕ್ಕೆ ಹೋಗಿ ಎಲ್ಲ ಮಾಡಿಸಿಕೊಂಡು ಬಂದ. ಅವನು ಒಳ್ಳೆಯವನು. ಅವನಿಗೂ ಮೂವತ್ತೆರಡು ಆಯಿತು, ಇನ್ನೂ ಹೆಣ್ಣು ಕೂಡಿಬಂದಿಲ್ಲ. ಗೇಣಿ ಮಾಡುವವರ ಮನೆ ಎಂದು ಕೆಲವರು, ಕಿವಿ ಮಂದ ಎಂದು ಕೆಲವರು ಬಿಟ್ಟುಹೋದರು. ಹೆಣ್ಣು ನೋಡಿ ಬಂದ ದಿನ ಊಟ ಮಾಡದೆ ಗದ್ದೆಗೆ ಹೋಗುತ್ತಾನೆ. ಅಮ್ಮ ಯಾರು ಮನೆಗೆ ಬಂದರೂ "ಎಲ್ಲಾರೂ ಒಂದು ಹೆಣ್ಣಿದ್ರೆ ಹೇಳಿ" ಎಂದು ಕೇಳುತ್ತಾಳೆ.

ವಾಕ್ಯಗಳು:
ಐ ಗಾಟ್ ಅಪ್ ಬಿಫೋರ್ ಸನ್‌ರೈಸ್.
ಬ್ರದರ್ ಗಾಟ್ ಸೀಮೆಎಣ್ಣೆ ಫ್ರಮ್ ಹೊಸನಗರ.
ಮದರ್ ಗಾಟ್ ಫೀವರ್.
ಮೈ ಬ್ರದರ್ ಈಸ್ ನಾಟ್ ಗೆಟಿಂಗ್ ಎ ಗರ್ಲ್.

ಯಮುನಾ


ತೀರ್ಥಹಳ್ಳಿ
22-11-1966

ಚಿ. ಕು. ಯಮುನಾಳಿಗೆ ಆಶೀರ್ವಾದಗಳು.

ಸೀಮೆಎಣ್ಣೆಗೆ ಇಂಗ್ಲಿಷಿನಲ್ಲಿ ಕೆರೊಸಿನ್ ಎನ್ನುತ್ತಾರೆ ಮಗೂ. ಕನ್ನಡದ ಡಬ್ಬಿಯನ್ನು ಇಂಗ್ಲಿಷ್ ಬಂಡಿಗೆ ಹೇರಬೇಡ.

ಮೊದಲನೆಯದಕ್ಕೆ ರೋಸ್. ಅರ್ಥ: ಸೂರ್ಯ ಹುಟ್ಟುವ ಮೊದಲು ಎದ್ದೆ. ಎರಡನೆಯದಕ್ಕೆ ಫೆಚ್ಡ್. ಅರ್ಥ: ಅಣ್ಣ ಹೊಸನಗರದಿಂದ ಸೀಮೆಎಣ್ಣೆ ತಂದ. ಮೂರನೆಯದಕ್ಕೆ ಕಾಟ್. ಅರ್ಥ: ಅಮ್ಮನಿಗೆ ಜ್ವರ ಬಂತು. ನಾಲ್ಕನೆಯದು: ಅಣ್ಣನಿಗೆ ಹೆಣ್ಣು ಸಿಗುತ್ತಿಲ್ಲ. ಇಲ್ಲಿ ಗರ್ಲ್ ಅಲ್ಲ, ಬ್ರೈಡ್. ಗರ್ಲ್ ಎಂದರೆ ಬೇರೆ ಅರ್ಥ ಬಂದೀತು, ನಿನ್ನ ಅಣ್ಣ ಕೋಲು ಹಿಡಿದು ತೀರ್ಥಹಳ್ಳಿಗೆ ಬಂದಾನು!

ತಪ್ಪು ಕಡಿಮೆ. ಆದರೆ ವಾಕ್ಯಗಳು ಒಣಕಲು. ಒಂದಕ್ಕೊಂದು ಸಂಬಂಧವಿಲ್ಲ. ಮುಂದಿನ ಸಲ ಒಂದು ಕಥೆಯ ಹಾಗೆ ಹೊಂದಿಸಿ ಬರೆ. ಯಾರೋ ಒಬ್ಬಳು ಹುಡುಗಿ ಎಂದು ಕಲ್ಪಿಸಿಕೊ, ಅವಳಿಗೆ ಏನೇನಾಯಿತು ಎಂದು ಗೆಟ್ ಹಾಕಿ ಹೇಳುತ್ತಾ ಹೋಗು. ಪರೀಕ್ಷೆಯಲ್ಲಿ ಪ್ರಬಂಧಕ್ಕೂ ಅನುಕೂಲ.

ನನ್ನ ಆರೋಗ್ಯ ಚೆನ್ನಾಗಿದೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ವ್ಯಾಜ್ಯಕ್ಕೆ ಬರುತ್ತದೆ.

ಮುಕುಂದಯ್ಯ


ಹಾರೆಗದ್ದೆ
6-1-1967

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಕಾಗದ ತಡವಾಯಿತು, ಕ್ಷಮಿಸಬೇಕು. ಮನೆಯಲ್ಲಿ ಜನ ಬಂದು ಹೋಗುವುದು ಜಾಸ್ತಿಯಾಗಿತ್ತು. ಅಣ್ಣನಿಗೆ ಸಾಗರದ ಕಡೆಯ ಒಂದು ಸಂಬಂಧ ಕೂಡಿಬರುವ ಹಾಗಿದೆ. ಹುಡುಗಿಯ ಹೆಸರು ಕನ್ನಮ್ಮ. ಹೊಳೆಬಾಗಿಲಿನಲ್ಲಿ ದೋಣಿ ಹತ್ತಿ ಆಚೆ ಹೋಗಬೇಕಂತೆ. ಆಣೆಕಟ್ಟಿನ ನೀರು ಬಂದ ಮೇಲೆ ಆ ಕಡೆಗೆ ಹೆಣ್ಣು ಕೊಡುವವರೂ ಇಲ್ಲ, ತರುವವರೂ ಇಲ್ಲ ಎಂದು ಅವರೇ ಹೇಳಿದರು. ಎಲ್ಲರಿಗೂ ಸಂತೋಷವಾಗಿದೆ. ಅಣ್ಣ ಈಗ ಊಟ ಸರಿಯಾಗಿ ಮಾಡುತ್ತಾನೆ.

ತಾವು ಹೇಳಿದ ಹಾಗೆ ಒಂದು ಹುಡುಗಿಯ ಕಥೆ ಹೊಂದಿಸಿ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಬೇಕೆಂದು ಕೈಮುಗಿದು ಕೇಳುತ್ತೇನೆ. ಇನ್ನೊಂದು ಪ್ರಾರ್ಥನೆ. ಈ ಸಲ ಕನ್ನಡದಲ್ಲಿ ಅರ್ಥ ಬರೆಯುವುದು ಬೇಡ. ಉತ್ತರವೆಲ್ಲ ಇಂಗ್ಲಿಷಿನಲ್ಲೇ ಇರಲಿ. ಅರ್ಥ ನನಗೆ ಆಗುತ್ತದೆ. ಪರೀಕ್ಷೆ ಹತ್ತಿರ ಬಂತಲ್ಲ, ಅಭ್ಯಾಸವಾಗಲಿ ಎಂದು. ಮರೆಯಬಾರದು ಗುರುಗಳೇ. ಬೇಗ ಬರೆಯಬೇಕು.

ಯಮುನಾ


ತೀರ್ಥಹಳ್ಳಿ
14-1-1967

ಚಿ. ಕು. ಯಮುನಾಳಿಗೆ ಸಂಕ್ರಾಂತಿಯ ಆಶೀರ್ವಾದಗಳು. ಶೇಷಮ್ಮ ನಿನಗೆಂದು ಎಳ್ಳು ಬೆಲ್ಲ ಕಟ್ಟಿಟ್ಟಿದ್ದಾಳೆ, ಮಾರ್ಚಿಗೆ ಬಂದಾಗ ತಿನ್ನು, ಇರುವೆ ಬಿಟ್ಟರೆ.

ಭಲೇ! ಈ ಸಲದ ವಾಕ್ಯಗಳಲ್ಲಿ ಜೀವವಿದೆ. ಓದುತ್ತಾ ಹೋದ ಹಾಗೆ ಆ ಹುಡುಗಿಯನ್ನು ಎಲ್ಲೋ ಕಂಡ ಹಾಗಾಯಿತು. ಇಷ್ಟು ಚೆನ್ನಾಗಿ ಕಥೆ ಕಟ್ಟುವವಳು ಹೇಗೆ ಫೇಲಾದೆ ಎಂಬುದೇ ಆಶ್ಚರ್ಯ.

ಕನ್ನಡ ಅರ್ಥ ಬೇಡವೆಂದಿದ್ದೀಯೆ. ಎರಡು ತಿಂಗಳಿಗೇ ಇಷ್ಟು ಜಂಬವೇ? ಅಂಬೆಗಾಲಿಡುವಾಗಲೇ ಅಂಬಾರಿ ಏರುವುದು ಬೇಡ. ನನ್ನ ಪದ್ಧತಿಯನ್ನು ನಾನು ಬಿಡುವವನಲ್ಲ.

ಒಂದು. ಮೈ ಬ್ರದರ್ ವಿಲ್ ಗೆಟ್ ಎ ಬ್ರೈಡ್ ಓನ್ಲಿ ಇಫ್ ಐ ಆ್ಯಮ್ ಗಿವನ್ ಟು ಹರ್ ಬ್ರದರ್.
ಅರ್ಥ: ನನ್ನನ್ನು ಅವಳ ಅಣ್ಣನಿಗೆ ಕೊಟ್ಟರೆ ಮಾತ್ರ ನನ್ನ ಅಣ್ಣನಿಗೆ ಹೆಣ್ಣು ಸಿಗುತ್ತದೆ. ಬ್ರೈಡ್ ಸರಿಯಾಗಿ ಬಳಸಿದ್ದೀಯೆ. ನಮ್ಮ ಕಡೆಯ ಕೊಟ್ಟು ತರುವ ಸಂಬಂಧವನ್ನು ಕಥೆಗೆ ತಂದದ್ದು ಜಾಣತನ.

ಎರಡು. ಹಿ ಈಸ್ ಎ ವಿಡೋವರ್. ವೆನ್ ಐ ಸೇ ನೋ, ಬ್ರದರ್ ಗೆಟ್ಸ್ ಸೈಲೆಂಟ್.
ಅರ್ಥ: ಅವನು ಹೆಂಡತಿ ಸತ್ತವನು. ನಾನು ಬೇಡವೆಂದರೆ ಅಣ್ಣ ಮೌನವಾಗುತ್ತಾನೆ. ಗೆಟ್ಸ್ ಬದಲು ಬಿಕಮ್ಸ್.

ಮೂರು. ಮದರ್ ಗೆಟ್ಸ್ ಮೈ ಮೀನಿಂಗ್ ಬಟ್ ಲುಕ್ಸ್ ಅಟ್ ದ ಫ್ಲೋರ್.
ಅರ್ಥ: ಅಮ್ಮನಿಗೆ ನನ್ನ ಮಾತು ತಿಳಿಯುತ್ತದೆ, ಆದರೆ ನೆಲ ನೋಡುತ್ತಾಳೆ. ಅಂಡರ್‌ಸ್ಟ್ಯಾಂಡ್ಸ್ ಎಂದು ಬರೆ.

ನಾಲ್ಕು. ದೆ ಸೇ ವೈಶಾಖ. ಆಫ್ಟರ್ ಐ ಗೆಟ್ ಮ್ಯಾರಿಡ್ ಐ ಶಲ್ ನಾಟ್ ಗೆಟ್ ಎನಿ ಟ್ರೈನಿಂಗ್.
ಅರ್ಥ: ವೈಶಾಖದಲ್ಲಿ ಎನ್ನುತ್ತಾರೆ. ಮದುವೆಯಾದ ಮೇಲೆ ನನಗೆ ಯಾವ ಟ್ರೈನಿಂಗೂ ಸಿಗದು. ಒಂದೇ ವಾಕ್ಯದಲ್ಲಿ ಎರಡು ಗೆಟ್, ಎರಡು ಬೇರೆ ಅರ್ಥ. ಬಹಳ ಚೆನ್ನಾಗಿದೆ.

ಐದು. ಆಫ್ಟರ್ ದ ಎಕ್ಸಾಮಿನೇಷನ್ ಐ ಶಲ್ ನಾಟ್ ಗೋ ಹೋಮ್. ಸರ್, ಪ್ಲೀಸ್ ಕೀಪ್ ಮಿ. ಪ್ಲೀಸ್ ಗೆಟ್ ಮಿ ಔಟ್ ಆಫ್ ದಿಸ್ ಹೌಸ್.
ಅರ್ಥ: ಪರೀಕ್ಷೆಯಾದ ಮೇಲೆ ನಾನು ಮನೆಗೆ ಹೋಗುವುದಿಲ್ಲ. ಸಾರ್, ದಯವಿಟ್ಟು ನನ್ನನ್ನು ಇಟ್ಟುಕೊಳ್ಳಿ. ನನ್ನನ್ನು ಈ ಮನೆಯಿಂದ ಪಾರುಮಾಡಿ. ಇಲ್ಲಿ ರೆಸ್ಕ್ಯೂ ಎಂಬ ಒಂದೇ ಪದ ಸಾಕು. ಮತ್ತು ಕಥೆಯ ನಡುವೆ 'ಸರ್' ಎಂದು ಬರೆಯಬೇಡ. ಪೇಪರು ತಿದ್ದುವವರು ತಮ್ಮನ್ನೇ ಕರೆದಳೆಂದು ತಿಳಿದುಕೊಂಡಾರು.

ಹತ್ತಕ್ಕೆ ಒಂಬತ್ತು. ಒಂದು ಅಂಕ ಜಂಬಕ್ಕೆ ಕಳೆದಿದ್ದೇನೆ.

ಮುಕುಂದಯ್ಯ


ತೀರ್ಥಹಳ್ಳಿ
11-2-1967

ಚಿ. ಕು. ಯಮುನಾಳಿಗೆ ಆಶೀರ್ವಾದಗಳು.

ಏನಮ್ಮ, ಒಂದು ಅಂಕ ಕಳೆದದ್ದಕ್ಕೆ ಇಷ್ಟು ಸಿಟ್ಟೇ? ತಿಂಗಳಾಗುತ್ತ ಬಂತು, ಕಾಗದವಿಲ್ಲ. ಹೋಗಲಿ, ಹತ್ತಕ್ಕೆ ಹತ್ತೇ ಕೊಟ್ಟೆ ಎಂದುಕೊ.

ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಇದರೊಂದಿಗೆ ಇಟ್ಟಿದ್ದೇನೆ. ನಾನು ನಿಜ ಹೇಳಿಬಿಡುತ್ತೇನೆ. ಇಸ್ಕೂಲು ಬಿಟ್ಟ ಮೇಲೆ ನನಗೆ ದಿನ ಹೋಗುವುದೇ ಕಷ್ಟವಾಗಿತ್ತು. ನಿನ್ನ ವಾಕ್ಯ ತಿದ್ದುವ ದಿನ ಬೆಳಿಗ್ಗೆಯೇ ಸ್ನಾನ ಮಾಡಿ ಕೂರುತ್ತೇನೆ. ಶೇಷಮ್ಮ ನಗುತ್ತಾಳೆ. ನಗಲಿ. ನೀನು ಪಾಸಾಗುತ್ತೀಯೆ, ಅದರಲ್ಲಿ ನನಗೆ ಸಂಶಯವೇ ಇಲ್ಲ. ಟ್ರೈನಿಂಗಿಗೆ ಅರ್ಜಿ ಬರೆಯುವಾಗ ನಾನೇ ಜೊತೆಗೆ ಬರುತ್ತೇನೆ.

ನಿನಗೆಂದು ಒಳಗಿನ ಕೋಣೆ ಖಾಲಿ ಮಾಡಿಸಿದ್ದೇವೆ. ಬರುವ ದಿನ ತಿಳಿಸು, ಬಸ್ಸಿಗೆ ಬಂದು ನಿಲ್ಲುತ್ತೇನೆ.

ಮುಕುಂದಯ್ಯ


ಹಾರೆಗದ್ದೆ
5-3-1967

ಮುಕುಂದಯ್ಯ ಮೇಷ್ಟ್ರಿಗೆ ಹಾರೆಗದ್ದೆ ಮಂಜುನಾಥಪ್ಪ ಮಾಡುವ ನಮಸ್ಕಾರಗಳು.

ನಿಮ್ಮ ಎರಡು ಕಾಗದ ಬಂದಿದೆ. ಯಮುನಾ ಇನ್ನು ಪರೀಕ್ಷೆಗೆ ಬರುವುದಿಲ್ಲ. ಮಾಘದಲ್ಲಿ ಒಂದೇ ಚಪ್ಪರದಲ್ಲಿ ನನ್ನದೂ ಅವಳದೂ ಮದುವೆ ಆಯಿತು. ಅವಳನ್ನು ನನ್ನ ಹೆಂಡತಿಯ ಅಣ್ಣ ನಿಂಗಪ್ಪನವರಿಗೆ ಕೊಟ್ಟಿದೆ. ಪರೀಕ್ಷೆ ಬರೆಯಲಿ, ವೈಶಾಖಕ್ಕೆ ಮಾಡಿದರಾಯಿತು ಎಂದು ನಾನೇ ಅವರ ಹತ್ತಿರ ಹೇಳಿ ಒಪ್ಪಿಸಿದ್ದೆ. ಅವಳು ಪರೀಕ್ಷೆಗೆ ಹೋದವಳು ವಾಪಸು ಬರುವುದಿಲ್ಲ ಎಂದು ನಿಮ್ಮ ಕಾಗದದ ಅರ್ಥ ಓದಿ ತಿಳಿಯಿತು. ಆದ್ದರಿಂದ ಮುಂಚೆ ಮಾಡಿದೆವು. ನಿಮ್ಮಿಂದ ಉಪಕಾರವಾಯಿತು.

ನಾನು ಅವಳಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ನೀವು ಹಾಗೆ ತಿಳಿಯಬಾರದು. ಅಪ್ಪ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದರು. ನನಗೂ ಒಂದು ಮನೆ ಆಗಬೇಕಲ್ಲ ಮೇಷ್ಟ್ರೇ.

ಇನ್ನು ಪಾಠ ಕಳಿಸುವುದು ಬೇಡ. ಅವಳಿಗೆ ಏನಾದರೂ ತಿಳಿಸುವುದಿದ್ದರೆ ಹೊಳೆಯಾಚೆ ನಿಂಗಪ್ಪನವರ ಮನೆ, ಸಾಗರ ತಾಲೂಕು ಎಂದು ಹಾಕಿದರೆ ಹೋಗುತ್ತದೆ.

ಮಂಜುನಾಥಪ್ಪ


ತೀರ್ಥಹಳ್ಳಿ
20-4-1967

ಚಿ. ಸೌ. ಯಮುನಾಳಿಗೆ,

ನಿನ್ನ ಅಣ್ಣನ ಕಾಗದ ಬಂದ ದಿನ ನಿನ್ನ ಆ ಐದು ವಾಕ್ಯಗಳನ್ನು ಮನಸ್ಸಿನಲ್ಲಿ ಮತ್ತೆ ಓದಿಕೊಂಡೆ. ಒಂದೂ ಮರೆತಿಲ್ಲ. ಶೇಷಮ್ಮನಿಗೂ ಹೇಳಿದೆ. ಅವಳು, "ಆ ಹುಡ್ಗಿ ಕೂಗ್ತಾ ಇತ್ತು, ನೀವು ಮಾರ್ಕ್ಸ್ ಹಾಕ್ತಾ ಕೂತ್ರಿ" ಎಂದಳು. ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಕ್ಷಮೆ ಕೇಳಲು ನನಗೆ ನಾಚಿಕೆಯಾಗುತ್ತದೆ. ಅದಕ್ಕೇ ಕೇಳುವುದಿಲ್ಲ. ಆಗಬೇಕಾದ್ದನ್ನು ಹೇಳುತ್ತೇನೆ.

ಹೋದ ವಾರ ಹಾರೆಗದ್ದೆಗೆ ಹೋಗಿದ್ದೆ. ಜಗಳವಾಡಬೇಕೆಂದೇ ಹೋದದ್ದು. ನಿನ್ನ ಅಣ್ಣ ಚಾಪೆ ಹಾಸಿ ಕೂರಿಸಿದ. ಅವನ ಕಿವಿಗೆ ಕೇಳುವ ಹಾಗೆ ಕೂಗಿ ಜಗಳವಾಡಬೇಕು, ಕೂಗಿದರೆ ಊರಿಗೆಲ್ಲ ಕೇಳುತ್ತದೆ. ಏನೂ ಆಡಲಾಗಲಿಲ್ಲ. ನಿನ್ನ ಅತ್ತಿಗೆ ನೀರು ಬೆಲ್ಲ ತಂದಿಟ್ಟಳು. ನಗುಮುಖದ ಹುಡುಗಿ. ಅವಳು ನಕ್ಕದ್ದು ನೋಡಿ ನನಗೆ ಮೈ ಉರಿಯಿತು. ನಿನ್ನನ್ನು ಮಾರಿ ತಂದ ನಗು ಎನಿಸಿತು. ನೀರು ಮುಟ್ಟದೆ ಎದ್ದು ಬಂದೆ.

ಇಲ್ಲಿ ಒಬ್ಬ ಪರಿಚಯದ ವಕೀಲರನ್ನು ವಿಚಾರಿಸಿದ್ದೇನೆ. ಕಾನೂನಿನ ಪ್ರಕಾರ ನೀನು ವಯಸ್ಕಳು, ಇಷ್ಟವಿಲ್ಲದ ಕಡೆ ಇರು ಎಂದು ಯಾರೂ ಹಿಡಿದಿಡುವಂತಿಲ್ಲವಂತೆ. ಮಳೆ ಹಿಡಿಯುವ ಮೊದಲು, ಮೇ ತಿಂಗಳ ಕೊನೆಗೆ ನಾನೂ ಶೇಷಮ್ಮನೂ ಸಾಗರಕ್ಕೆ ಬಂದು ಹೊಳೆಬಾಗಿಲಿನಿಂದ ದೋಣಿಯಲ್ಲಿ ಆಚೆ ಬರುತ್ತೇವೆ. ನಮ್ಮ ಜೊತೆ ಹೊರಟುಬಾ. ಸೆಪ್ಟೆಂಬರಿಗೆ ಪರೀಕ್ಷೆ ಕಟ್ಟು. ನಮಗೆ ಮಕ್ಕಳಿಲ್ಲ, ನೀನು ಮಗಳ ಹಾಗೆ ಇರು. ಯಾರು ಏನೆಂದರೂ ನಾನು ಮಾತಾಡಿಕೊಳ್ಳುತ್ತೇನೆ.

ಬರುವುದಾದರೆ 'ಹೂಂ' ಎಂದು ಒಂದು ಕಾರ್ಡು ಹಾಕು ಸಾಕು.

ಮುಕುಂದಯ್ಯ


ಹೊಳೆಯಾಚೆ, ಸಾಗರ ತಾಲೂಕು
16-5-1967

ಪೂಜ್ಯ ಗುರುಗಳ ಪಾದಗಳಿಗೆ ಯಮುನಾ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಶೇಷಮ್ಮನವರು ನಿಮ್ಮ ಜೊತೆ ಮಾತಾಡುತ್ತಿದ್ದಾರೆಂದು ನಂಬಿದ್ದೇನೆ. ಅವರಿಗೆ ಹೇಳಿ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗ ಇಲ್ಲ.

ಈ ಮನೆಯಲ್ಲಿ ಓದು ಬರುವವರು ಯಾರೂ ಇಲ್ಲ. ಇಲ್ಲಿಂದ ನಾನು ಏನು ಬೇಕಾದರೂ ಕನ್ನಡದಲ್ಲೇ ಬರೆಯಬಹುದು. ಹಾಗಿದ್ದರೂ ಬರೆಯಲು ಏನೂ ತೋಚದೆ ನಾಲ್ಕು ದಿನ ಕಾಗದ ಎದುರಿಗಿಟ್ಟುಕೊಂಡು ಕೂತಿದ್ದೆ.

ನಿಮ್ಮ ಸಂಕ್ರಾಂತಿಯ ಕಾಗದ ಬಂದ ದಿನ ನಡೆದದ್ದು ಹೇಳುತ್ತೇನೆ. ಅಣ್ಣ ಕಾಗದ ಒಡೆದು ಅಂಗಳದಲ್ಲಿ ನಿಂತು ಎಂದಿನ ಹಾಗೆ ಜೋರಾಗಿ ಓದಿದ. ಅವನಿಗೆ ಮೆಲ್ಲಗೆ ಓದಲು ಬರುವುದಿಲ್ಲ. 'ಅಮ್ಮ ನೆಲ ನೋಡುತ್ತಾಳೆ' ಎಂದು ಓದಿದಾಗ ಅಮ್ಮ ನಿಜವಾಗಿಯೂ ನೆಲ ನೋಡುತ್ತಿದ್ದಳು. ಕಡೆಯದನ್ನು ಎರಡು ಸಲ ಓದಿದ. ನಾನು "ಅದು ಕಥೆ ಕಣಣ್ಣ" ಎಂದೆ. ಅವನು "ನನ್ ಕಿವಿ ಅಷ್ಟೇ ಮಂದ ತಂಗಿ" ಎಂದು ಹೇಳಿ ಕಟ್ಟೆಯ ಮೇಲೆ ಕೂತು ಅತ್ತ. ಅವನು ಬೈದಿದ್ದರೆ ನಾನು ರಾತ್ರಿಯೇ ಓಡಿಬರುತ್ತಿದ್ದೆನೋ ಏನೋ. ಅವನು ಅತ್ತದ್ದರಿಂದ ಆಗಲಿಲ್ಲ. ನೀವು ತಿದ್ದಿದ್ದೆಲ್ಲ ಸರಿಯಾಗಿಯೇ ಇತ್ತು ಗುರುಗಳೇ. ನೀವು ಬರೆದ ಅರ್ಥದಲ್ಲೂ ಒಂದು ತಪ್ಪಿರಲಿಲ್ಲ.

ಇವರು ಕೆಟ್ಟವರಲ್ಲ. ಹೊಡೆಯುವುದಿಲ್ಲ. ಮಾತೂ ಇಲ್ಲ. ಸಂಜೆ ದಡಕ್ಕೆ ಹೋಗಿ, ನೀರಿನಡಿ ಹೋದ ತಮ್ಮ ಗದ್ದೆ ಎಲ್ಲಿತ್ತು ಎಂದು ನೋಡುತ್ತಾ ನಿಂತಿರುತ್ತಾರೆ. ನಾನು ಒಳಗೆ ಒಲೆ ಉರಿಸುತ್ತೇನೆ. ನಾಳೆಯೂ ಹೀಗೆ, ನಾಡಿದ್ದೂ ಹೀಗೆ. ನನಗೆ ಇಲ್ಲಿ ಇಷ್ಟವಿಲ್ಲ. ಒಂದು ದಿನವೂ ಇಷ್ಟವಾಗಿಲ್ಲ. ಇದನ್ನು ಯಾರಿಗಾದರೂ ಕನ್ನಡದಲ್ಲಿ ಹೇಳಬೇಕಿತ್ತು, ನಿಮಗೆ ಹೇಳಿದೆ.

ಆದರೆ ನೀವು ಅತ್ತಿಗೆಯ ನೀರು ಮುಟ್ಟದೆ ಬಂದದ್ದು ತಪ್ಪು. ಕನ್ನಮ್ಮ ನನಗಿಂತ ಎರಡು ವರ್ಷ ಚಿಕ್ಕವಳು. ಅವಳನ್ನೂ ಯಾರೂ ಕೇಳಿದವರಲ್ಲ. ಅಣ್ಣ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ಅದಕ್ಕೇ ನಗುತ್ತಾಳೆ. ಅವಳಿಗೀಗ ಮೂರು ತಿಂಗಳು ಎಂದು ಅಮ್ಮ ಹೇಳಿಕಳಿಸಿದ್ದಾಳೆ.

ಕೊಟ್ಟು ತಂದ ಮೇಲೆ ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆಯೂ ಬಿಟ್ಟ ಹಾಗೆ. ಇದು ವಕೀಲರಿಗೆ ಗೊತ್ತಿರಲಿಕ್ಕಿಲ್ಲ, ನಿಮಗೆ ಗೊತ್ತಿರಬೇಕಿತ್ತು. ಮದುವೆಯ ದಿನ ಚಪ್ಪರದಲ್ಲೇ ನಮ್ಮತ್ತೆ ಎಲ್ಲರೆದುರು ಹೇಳಿದ್ದಾರೆ: "ನಿಮ್ದು ವಾಪಸ್ ಬಂದ್ರೆ ನಮ್ದನ್ನೂ ಅವತ್ತೇ ಕರ್ಕೊಂಡ್ ಬರ್ತೀವಿ." ನಾನು ನಿಮ್ಮ ಜೊತೆ ದೋಣಿ ಹತ್ತಿದ ದಿನವೇ ಇವರು ಹಾರೆಗದ್ದೆಗೆ ಹೊರಡುತ್ತಾರೆ. ಕನ್ನಮ್ಮ ಹೊಟ್ಟೆ ಹೊತ್ತುಕೊಂಡು ಈ ಒಲೆಯ ಮುಂದೆ ಬಂದು ಕೂರಬೇಕಾಗುತ್ತದೆ. ಅವಳು ಶಾಲೆಯ ಮುಖ ಕಂಡವಳಲ್ಲ. ಪಾರುಮಾಡಿ ಎಂದು ಬರೆಯಲು ಅವಳಿಗೆ ಒಂದು ಭಾಷೆಯೂ ಬರುವುದಿಲ್ಲ, ಬರೆಯಲು ಒಬ್ಬ ಮೇಷ್ಟ್ರೂ ಇಲ್ಲ.

ನೀವು ಬರಬೇಡಿ.

ಯಮುನಾ